ನಮ್ಮವರ ಹದಿನಾಲ್ಕು ಹೋಟೆಲ್ಲು

ನಿನ್ನೆ ಸಂಜೆ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ನಮ್ಮವರು ಒಂದು ಪಟ್ಟಿ ಹಾಕಿದ್ದಾರೆ. ತಲೆಬರಹ, 'ಕುಸ್ಕೋದಲ್ಲಿ ಎಲ್ಲಿ ಊಟ ಮಾಡಬೇಕು'. ಒಟ್ಟು 14 ಹೋಟೆಲ್ಲು. ಒಂದೊಂದಕ್ಕೂ ಎಷ್ಟು ಸ್ಟಾರು, ಎಷ್ಟು ದೂರ, ಯಾವತ್ತು ರಜ, ಎಲ್ಲ ಬರೆದಿದ್ದಾರೆ. ಮೂಲೆಮನೆ ಮೇಷ್ಟ್ರ ಮಗಳು, ಅಳಿಯ ಪೆರು ದೇಶಕ್ಕೆ ಹೊರಟಿದ್ದಾರಂತೆ, ಅವರಿಗೆ ಅನುಕೂಲ ಆಗಲಿ ಅಂತ. ರಾತ್ರಿ ಹತ್ತು ಗಂಟೆಯೊಳಗೆ ಮೂವತ್ತೆರಡು ಜನ ಹೆಬ್ಬೆರಳು ಎತ್ತಿದ್ದರು. 'ಸಾರ್, ಎಷ್ಟು ಅನುಭವ ನಿಮ್ಮದು!' ಅಂತ ಎದುರುಮನೆಯವರು ಬೇರೆ.

ಅನುಭವವಂತೆ! ಆ ಹದಿನಾಲ್ಕರಲ್ಲಿ ನಾವು ಕಾಲಿಟ್ಟದ್ದು ಎರಡಕ್ಕೆ. ಊಟ ಮಾಡಿದ್ದು ಒಂದರಲ್ಲಿ. ಇನ್ನೊಂದರಲ್ಲಿ ಬಾತ್‌ರೂಮಿಗೆ ಹೋಗಿ ಬಂದೆವು.

ಗ್ರೂಪಿನಲ್ಲಿ ಗಂಡನ ಮಾನ ಕಳೆಯೋದು ಚೆನ್ನಾಗಿರಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇವರು ಬ್ಯಾಂಕಿನಲ್ಲಿ 34 ವರ್ಷ ಸಾಲದ ಅರ್ಜಿ ನೋಡಿ ರಿಟೈರ್ ಆದವರು. ಈಗ ಅರ್ಜಿ ಬರೋದಿಲ್ಲವಲ್ಲ, ಹೋಟೆಲ್ಲುಗಳನ್ನು ಮಂಜೂರು ಮಾಡುತ್ತಾರೆ. 4.5 ಸ್ಟಾರಿಗಿಂತ ಕಮ್ಮಿ ಇದ್ದರೆ ಅರ್ಜಿ ವಾಪಸ್. ಅಷ್ಟಿದ್ದರೂ ಕೊನೇಪಕ್ಷ ಐನೂರು ಜನ ಬರೆದಿರಬೇಕು. ಬರೆದಿದ್ದರೂ ಇವರು ಮೊದಲು ಓದೋದು ಒಂದೇ ಸ್ಟಾರ್ ಕೊಟ್ಟು ಬೈದವರದ್ದನ್ನ. "ಹೊಗಳಿದೋರು ಸುಮ್ನೆ ಹೊಗಳಿರ್ತಾರೆ ಕಣೆ. ಬೈದೋನು ಮಾತ್ರ ನಿಜವಾಗ್ಲೂ ತಿಂದಿರ್ತಾನೆ" ಅನ್ನೋದು ಇವರ ವಾದ. ಓದೋದು ಮನಸ್ಸಿನಲ್ಲಲ್ಲ. ಗಟ್ಟಿಯಾಗಿ, ನಿಂತುಕೊಂಡು, ನಡುರಸ್ತೆಯಲ್ಲಿ.

ಮೈಸೂರಿನಲ್ಲಾದರೆ ಹೇಗೋ ನಡೆಯುತ್ತೆ. ಜಾಸ್ತಿ ಹಸಿವಾದರೆ ಮನೆಗೆ ಬಂದು ಅವಲಕ್ಕಿಗೆ ಮೊಸರು ಕಲಸಿಕೊಳ್ಳಬಹುದು. ಆದರೆ ಕುಸ್ಕೋ ಇರೋದು 3,400 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರೂ ಮುಟ್ಟಲ್ಲ. ಅದರ ನೆತ್ತಿಯ ಮೇಲೆ ಚಾಮುಂಡಿ ಬೆಟ್ಟ ಎತ್ತಿಟ್ಟರೂ ಕುಸ್ಕೋ ಇನ್ನೂ ಮೇಲೆಯೇ. ಅಲ್ಲಿ ಶೂ ಲೇಸ್ ಕಟ್ಟಿಕೊಂಡರೆ ಕೂತು ಸುಧಾರಿಸಿಕೊಳ್ಳಬೇಕು. ಅಂಥ ಊರಿನಲ್ಲಿ ಗಂಡ ಅನ್ನೋನು ಕಣ್ಣಿಗೆ ಕಂಡ ಮೊದಲ ಹೋಟೆಲಿಗೆ ನುಗ್ಗಬೇಕೋ ಬೇಡವೋ?

ಅಮೆರಿಕದಲ್ಲಿರುವ ಮಗ ಟಿಕೆಟ್ ಮಾಡಿಸಿ, "ಹೋಗಿ ಬನ್ನಿ, ಮಾಚುಪಿಚು ನೋಡ್ಕೊಂಡು ಬನ್ನಿ" ಅಂತ ಕಳಿಸಿದ್ದ. ಹೋದ ವರ್ಷದ ಮಾತು. ನಾವು ಇಳಿದುಕೊಂಡ ಲಾಡ್ಜಿನ ಹುಡುಗಿ ಬಾಗಿಲಲ್ಲೇ ಕೋಕಾ ಎಲೆಯ ಕಷಾಯ ಕೊಟ್ಟಳು. ಒಣಹುಲ್ಲು ಕುದಿಸಿದ ಹಾಗಿತ್ತು, ಆದರೆ ತಲೆನೋವು ಇಳಿಯಿತು. ಜೊತೆಗೆ ಆ ಬೆಟ್ಟದ ಸೀಮೆಯ ಒಂದು ಗಾದೆಯನ್ನೂ ಹೇಳಿಕೊಟ್ಟಳು. ಮೆಲ್ಲಗೆ ನಡಿ, ಒಂಚೂರು ತಿನ್ನು, ಒಬ್ಬನೇ ಮಲಗು. ಅಷ್ಟು ಎತ್ತರದಲ್ಲಿ ಉಸಿರೂ ಕಮ್ಮಿ, ಅರಗೋದೂ ನಿಧಾನ, ಅದಕ್ಕೆ ಈ ಎಚ್ಚರಿಕೆ.

ನಮ್ಮವರ ದಯೆಯಿಂದ ಮೂರನ್ನೂ ಪಾಲಿಸಿದೆವು. ಹೋಟೆಲ್ ಹುಡುಕುತ್ತಾ ಮೆಲ್ಲಗೆ ನಡೆದೆವು. ಸಿಗದೇ ಒಂಚೂರು ತಿಂದೆವು. ರಾತ್ರಿ ನಾನು ಮಾತು ಬಿಟ್ಟದ್ದರಿಂದ ಅವರು ಒಬ್ಬರೇ ಮಲಗಿದ ಲೆಕ್ಕವೇ ಆಯಿತು.

ಊರ ನಡುವೆ ಪ್ಲಾಜಾ ದೆ ಆರ್ಮಾಸ್ ಅಂತ ದೊಡ್ಡ ಚೌಕ ಇದೆ. ಸುತ್ತಲೂ ಕಮಾನುಗಳ ಜಗಲಿ. ಒಂದೊಂದು ಜಗಲಿಗೂ ಹಳೇ ಹೆಸರು. ಒಂದು ಬ್ರೆಡ್ಡಿನ ಜಗಲಿ, ಒಂದು ಹಿಟ್ಟಿನ ಜಗಲಿ, ಒಂದು ಮಾಂಸದ್ದು, ಒಂದು ಮಿಠಾಯಿಯದು. ಇದಕ್ಕಿಂತ ಹೆಚ್ಚಿಗೆ ಒಂದು ಊರು ಏನು ಹೇಳಬೇಕು? ಆ ಜಗಲಿಗಳ ತುಂಬ ಈಗ ಕಾರ್ಡ್ ಹಿಡಿದ ಹುಡುಗ ಹುಡುಗಿಯರು ನಿಂತಿರುತ್ತಾರೆ. "ಸೆನ್ಯೋರಾ, ಸೆನ್ಯೋರ್, ಬನ್ನಿ ಬನ್ನಿ, ಮೇಲೆ ಬಾಲ್ಕನಿ ಇದೆ, ಕುಡಿಯೋಕೆ ಒಂದು ಫ್ರೀ." ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಲಾಡ್ಜಿನವರು ಬ್ಯಾಗಿಗೆ ಕೈ ಹಾಕುತ್ತಿದ್ದರಲ್ಲ, ಥೇಟ್ ಹಾಗೆ. ಇವರು ಒಬ್ಬಳನ್ನು ನಿಲ್ಲಿಸಿ, "ನಿಮ್ಮದು ಎಷ್ಟು ಸ್ಟಾರ್?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ಪಾಪ, ಅವಳು ಆಕಾಶ ನೋಡಿದಳು. ಮಧ್ಯಾಹ್ನ ಹನ್ನೆರಡೂವರೆ.

ಅದೇ ಚೌಕದ ದೊಡ್ಡ ಚರ್ಚಿನೊಳಗೆ ಯೇಸುವಿನ ಕೊನೆಯ ಊಟದ ಚಿತ್ರ ಇದೆ. 18ನೇ ಶತಮಾನದಲ್ಲಿ ಮಾರ್ಕೋಸ್ ಸಪಾತಾ ಅನ್ನೋ ಅಲ್ಲಿನ ಕಲಾವಿದ ಬರೆದದ್ದು. ತಟ್ಟೆಯ ಮೇಲೆ ಕುರಿ ಇಲ್ಲ, ನಾಲ್ಕು ಕಾಲೂ ಮೇಲೆ ಮಾಡಿಕೊಂಡ ಗಿನಿಪಿಗ್ ಇದೆ. ಅಲ್ಲಿ ಅದಕ್ಕೆ ಕುಯ್ ಅಂತಾರೆ, ಹಬ್ಬದ ಅಡುಗೆ. ಎಲ್ಲರೂ ಅದನ್ನೇ ನೋಡಿ ಬೆರಗಾಗುತ್ತಿದ್ದರು. ನಾನು ಬೆರಗಾದದ್ದು ಬೇರೆಗೆ. ಹದಿಮೂರು ಜನ ಗಂಡಸರು ಒಂದೇ ಮೇಜಿಗೆ ಬಂದು ಕೂತಿದ್ದಾರೆ. ಒಬ್ಬನೂ 'ಇನ್ನೊಂದು ಕಡೆ ನೋಡೋಣ' ಅಂದಿಲ್ಲ.

ಇನ್ನು ಎರಡನೇ ದಿನದ ಕತೆ. ಇದನ್ನು ಬರೆಯುವಾಗ ಈಗಲೂ ನನ್ನ ಮಂಡಿ ನೋಯುತ್ತಿದೆ.

ಹನ್ನೆರಡು ಗಂಟೆಗೆ ಲಾಡ್ಜಿನಿಂದ ಹೊರಟೆವು. ಇವರು ಹಿಂದಿನ ರಾತ್ರಿಯೇ ಒಂದು ಹೋಟೆಲ್ ಮಂಜೂರು ಮಾಡಿಟ್ಟಿದ್ದರು. 4.8 ಸ್ಟಾರು, ಸಸ್ಯಾಹಾರ ಇದೆ, ಬೈದವರು ನಾಲ್ಕೇ ಜನ. ಇರೋದು ಸಾನ್ ಬ್ಲಾಸ್ ಬಡಾವಣೆಯಲ್ಲಿ. ಸಾನ್ ಬ್ಲಾಸ್ ಅಂದರೆ ಕುಸ್ಕೋದ ಮೇಲಿನ ಮಾಳಿಗೆ. ಅಲ್ಲಿಗೆ ರಸ್ತೆ ಹೋಗೋದಿಲ್ಲ, ಏಣಿ ಹೋಗುತ್ತೆ ಅನ್ನಬಹುದು.

ದಾರಿಯುದ್ದಕ್ಕೂ ಸಣ್ಣ ಸಣ್ಣ ಹೋಟೆಲ್ಲು. ಬಾಗಿಲಲ್ಲಿ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ 'ಮೆನು, 12 ಸೋಲ್' ಅಂತ ಬರೆದಿದೆ. ಒಂದು ಸೋಲ್ ಅಂದರೆ ನಮ್ಮ ಸುಮಾರು 25 ರೂಪಾಯಿ. ಅಲ್ಲಿ ಮೆನು ಅಂದರೆ ತಿಂಡಿಗಳ ಪಟ್ಟಿ ಅಲ್ಲ, ನಮ್ಮ ಪ್ಲೇಟ್ ಮೀಲ್ಸ್ ಇದ್ದ ಹಾಗೆ. ಒಂದು ಸೂಪು, ಆಮೇಲೆ ಅನ್ನ ಮತ್ತು ಒಂದು ಪದಾರ್ಥ, ಕುಡಿಯೋಕೆ ನೇರಳೆ ಬಣ್ಣದ ಜೋಳ ಕುದಿಸಿ ಚಕ್ಕೆ, ಲವಂಗ ಹಾಕಿದ ಶರಬತ್ತು. ಪಟ್ಟಿ ಬೇಕಾದರೆ 'ಕಾರ್ತಾ' ಅಂತ ಕೇಳಬೇಕು. ಇದು ನಮಗೆ ಹೇಗೆ ಗೊತ್ತಾಯಿತು ಅಂದರೆ, ಇವರು ಒಂದು ಹೋಟೆಲಿಗೆ ತಲೆ ಹಾಕಿ, ಸುಮ್ನೆ ಬೆಲೆ ನೋಡೋಣ ಅಂತ "ಮೆನು?" ಅಂದರು. ಒಳಗಿನ ಹೆಂಗಸು ನಗುತ್ತಾ ನಮ್ಮನ್ನು ಕೂರಿಸಿದಳು. ಎರಡೇ ನಿಮಿಷಕ್ಕೆ ಹಬೆಯಾಡುವ ಎರಡು ಬಟ್ಟಲು ಸೂಪು ಬಂತು.

"ನೋ ನೋ, ಮೆನು" ಅಂದರು ಇವರು.

"ಸಿ, ಮೆನು" ಅಂದಳು ಅವಳು.

"ಮೆನು!" ಇವರು ಗಾಳಿಯಲ್ಲಿ ಪುಸ್ತಕ ಬಿಡಿಸಿ ತೋರಿಸಿದರು.

"ಮೆನು!" ಅವಳು ಬಟ್ಟಲನ್ನು ಇನ್ನೂ ಹತ್ತಿರ ತಳ್ಳಿದಳು. ಕೈಸನ್ನೆಗೆ ಚಮಚ ಬೇಕೇನೋ ಅಂದುಕೊಂಡು ಇನ್ನೊಂದು ಚಮಚ ತಂದಿಟ್ಟಳು.

ಸೂಪಿನಲ್ಲಿ ಕೋಳಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಆದರೆ ಕ್ವಿನೋವಾ ತೇಲುತ್ತಿತ್ತು, ಆಲೂಗಡ್ಡೆ ತೇಲುತ್ತಿತ್ತು, ಘಮ್ ಅನ್ನುತ್ತಿತ್ತು. ನಾನು ಚಮಚ ಎತ್ತಿಯೂ ಆಗಿತ್ತು. ಇವರು ಫೋನ್ ನೋಡಿ, "ಇದಕ್ಕೆ ರೇಟಿಂಗೇ ಇಲ್ಲ ಕಣೆ, ಏಳು" ಅಂದರು. ಕ್ಷಮೆ ಕೇಳಿ, ಹತ್ತು ಸೋಲ್ ಮೇಜಿನ ಮೇಲಿಟ್ಟು ಎದ್ದು ಬಂದೆವು. ಊಟ ಮಾಡಿದ್ದರೆ ಇನ್ನು ಹದಿನಾಲ್ಕು ಸೋಲ್ ಆಗುತ್ತಿತ್ತು.

ಆಮೇಲೆ ಹಾತುನ್ ರುಮಿಯೋಕ್ ಬೀದಿ. ಹಿಂದೆ ಆ ಸೀಮೆಯನ್ನು ಆಳಿದ ಇಂಕಾಗಳು ಕಟ್ಟಿದ ಗೋಡೆ ಇರೋದು ಅಲ್ಲಿ. ಗಾರೆ ಇಲ್ಲ, ಏನಿಲ್ಲ, ಬರೀ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ಅದರಲ್ಲಿ ಹನ್ನೆರಡು ಮೂಲೆಯ ಒಂದು ಕಲ್ಲಿದೆ, ಜಗತ್ಪ್ರಸಿದ್ಧ. ಆ ಕಲ್ಲನ್ನು ಭಕ್ತಿಯಿಂದ ಹತ್ತು ನಿಮಿಷ ನೋಡಿದೆ. ಎಲ್ಲರೂ ನನಗೆ ಇತಿಹಾಸದಲ್ಲಿ ಆಸಕ್ತಿ ಅಂದುಕೊಂಡಿರಬೇಕು. ನನಗೆ ಉಸಿರು ಬೇಕಾಗಿತ್ತು.

ಅಲ್ಲಿಂದ ಏರು. ಹತ್ತು ಹೆಜ್ಜೆಗೊಮ್ಮೆ ನಿಲ್ಲೋದು. ನಿಂತಾಗೆಲ್ಲ ಇವರು ಓದೋದು. "ಕೇಳಿಲ್ಲಿ, ಕೆನಡಾದೋನು ಬರ್ದಿದಾನೆ, ಸೂಪು ಬಿಸಿ ಇರ್ಲಿಲ್ಲವಂತೆ." ಇನ್ನು ಹತ್ತು ಹೆಜ್ಜೆ. "ಇವಳ್ಯಾರೋ, ಕುರ್ಚಿ ಅಲ್ಲಾಡ್ತಿತ್ತು ಅಂತಾಳೆ." ನನ್ನ ಕಣ್ಣ ಮುಂದೆ ಊರೇ ಅಲ್ಲಾಡುತ್ತಿತ್ತು. "ಅಲ್ಲಾ ರೀ, ಕುರ್ಚಿ ಅಂತ ಒಂದು ಇದ್ಯಲ್ಲ, ಸಾಕು" ಅಂದೆ. ಪಕ್ಕದಲ್ಲಿ ಬೆನ್ನಿಗೆ ದೊಡ್ಡ ಗಂಟು ಕಟ್ಟಿಕೊಂಡ ಎಪ್ಪತ್ತು ವರ್ಷದ ಅಜ್ಜಿ ನಮ್ಮನ್ನು ದಾಟಿ ಹೋದಳು. ನಮ್ಮ ನಿಲುಗಡೆ ಎಷ್ಟಿತ್ತು ಅಂದರೆ, ಅವಳು ಕೆಲಸ ಮುಗಿಸಿ ಇಳಿದು ಬರುವಾಗಲೂ ನಾವು ಅದೇ ಮೆಟ್ಟಿಲ ಸಾಲಿನಲ್ಲಿದ್ದೆವು.

ಅಂತೂ ಮುಟ್ಟಿದೆವು. ನೀಲಿ ಬಾಗಿಲು, ಬೀಗ. ಬಾಗಿಲಿಗೆ ಒಂದು ಚೀಟಿ. ಇವರು ಫೋನಿನಲ್ಲಿ ಅನುವಾದ ಮಾಡಿಸಿದರು. 'ನಾವು ಜಾಗ ಬದಲಿಸಿದ್ದೇವೆ, ದಯವಿಟ್ಟು ಅಲ್ಲಿಗೆ ಬನ್ನಿ.' ವಿಳಾಸ ನೋಡಿದೆ. ಎಲ್ಲೋ ಓದಿದ ಹೆಸರು ಅನ್ನಿಸಿತು. ನಮ್ಮ ಲಾಡ್ಜಿನ ಬೀದಿ. ನಮ್ಮ ಲಾಡ್ಜಿನ ಮಗ್ಗುಲ ಮನೆಯ ನಂಬರು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇವರು ಐದು ನಿಮಿಷ ಸುಮ್ಮನಿದ್ದು, "ವ್ಯೂ ಚೆನ್ನಾಗಿದೆ ಅಲ್ವಾ?" ಅಂದರು. ಚೆನ್ನಾಗಿಯೇ ಇತ್ತು. ಕೆಳಗೆ ಕೆಂಪು ಹೆಂಚಿನ ಊರು, ಸುತ್ತ ಬೆಟ್ಟ. ಆದರೆ ಆ ಹೊತ್ತಿನಲ್ಲಿ ನನಗೆ ಒಂದೊಂದು ಹೆಂಚೂ ಖಾಲಿ ದೋಸೆ ಹೆಂಚಿನ ಹಾಗೆ ಕಾಣುತ್ತಿತ್ತು.

ಇಳಿದೆವು. ಹನ್ನೆರಡು ಮೂಲೆಯ ಕಲ್ಲನ್ನು ಮತ್ತೆ ನೋಡಿದೆ, ಈ ಸಲ ಭಕ್ತಿ ಇರಲಿಲ್ಲ. ಲಾಡ್ಜಿನ ಪಕ್ಕದ ಹೊಸ ಬಾಗಿಲು ಮುಟ್ಟುವಾಗ ಮೂರೂಮುಕ್ಕಾಲು. ಅಡುಗೆಮನೆ ಮುಚ್ಚಿದೆ, ಇನ್ನು ಆರು ಗಂಟೆಗೆ. ಬಾತ್‌ರೂಮ್ ಬೇಕಾದರೆ ಬಳಸಿ ಅಂದರು. ಆ ಪಟ್ಟಿಯ ಒಂದನೇ ನಂಬರು ಇದೇ. ಕಪ್ಪು ಹಲಗೆಯ ಕಡೆ ಓಡಿದೆವು. ಅಲ್ಲಿ ಪಾತ್ರೆ ಬರಿದಾದರೆ ಮೆನು ಮುಗೀತು. ನಮ್ಮ ಸೂಪಿನ ಹೆಂಗಸು ಬೆಂಚು ಒರೆಸುತ್ತಿದ್ದಳು. ನಮ್ಮನ್ನು ನೋಡಿ ಕೈ ಅಲ್ಲಾಡಿಸಿದಳು. ಕೋಪದಿಂದಲ್ಲ, ಅಯ್ಯೋ ಪಾಪ ಅನ್ನೋ ಹಾಗೆ. ಅದೇ ಜಾಸ್ತಿ ಚುಚ್ಚಿತು.

ಆ ದಿನ ಊಟ, ನನ್ನ ಅಕ್ಕ ಕಟ್ಟಿಕೊಟ್ಟಿದ್ದ ಕೋಡುಬಳೆ. ಮೂರು ವಾರದ ಹಳೇದು. ಅದಕ್ಕೆ ನಾನು ಐದು ಸ್ಟಾರ್ ಕೊಡುತ್ತೇನೆ.

ಆ ರಾತ್ರಿಯೇ ಪಕ್ಕದ 4.8ಕ್ಕೆ ಹೋಗಬೇಕಿತ್ತು ಅಲ್ವಾ? ಅಷ್ಟರಲ್ಲಿ ಇವರಿಗೆ ಅದರ ಮೇಲೆ ಮುನಿಸು. ಇನ್ನೊಂದು 4.6ಕ್ಕೆ ಕರೆದುಕೊಂಡು ಹೋದರು. "ಸಿನ್ ಕಾರ್ನೆ" ಅಂತ ಬಾಯಿಪಾಠ ಮಾಡಿಕೊಂಡಿದ್ದೆವು, ಮಾಂಸ ಬೇಡ ಅಂತ. ಆಹಾ, ತಿಳೀತು ಅಂತ ಹೋದ ಹುಡುಗ ಕೋಳಿ ಹಾಕಿದ ಅನ್ನ ತಂದ. ಅಲ್ಲಿ ಕಾರ್ನೆ ಅಂದರೆ ದನದ್ದು, ಹಂದಿಯದ್ದು. ಕೋಳಿ ಪಾಪ ಆ ಲೆಕ್ಕಕ್ಕೇ ಬರೋದಿಲ್ಲ. ಬದಲಿಸಿ ಕೊಟ್ಟರು ಅನ್ನಿ. ಬೇಯಿಸಿದ ಆಲೂಗಡ್ಡೆಯ ಮೇಲೆ ಹಳದಿ ಮೆಣಸಿನಕಾಯಿ, ಚೀಸ್ ಅರೆದು ಹೊಯ್ದ ಒಂದು ತಿನಿಸು. ರುಚಿಯಾಗಿತ್ತು, ತಣ್ಣಗಿತ್ತು, ಆರು ಚೂರಿತ್ತು. ಪಟ್ಟಿಯಲ್ಲಿ ನಾವು ಊಟ ಮಾಡಿದ ಒಂದೇ ಒಂದು ಹೋಟೆಲು ಅದು.

ಮೂರನೇ ದಿನ ಬೆಳಿಗ್ಗೆ ನಾನು ದಂಗೆ ಎದ್ದೆ. ಇವರು ಚಾರ್ಜರ್ ಹುಡುಕುತ್ತಿರುವಾಗಲೇ ಹೊರಟು, ಲಾಡ್ಜಿನ ಹುಡುಗಿ ಹೇಳಿದ ಸಾನ್ ಪೆದ್ರೋ ಮಾರ್ಕೆಟ್ಟಿಗೆ ನಡೆದೆ. ಚೌಕದಿಂದ ಹತ್ತು ನಿಮಿಷ, ಅದೂ ಏರಿಲ್ಲದ ದಾರಿ. 1925ರಲ್ಲಿ ಕಟ್ಟಿದ ಮಾರ್ಕೆಟ್ಟು. ಒಳಗೆ ಕಾಲಿಟ್ಟ ತಕ್ಷಣ ನಮ್ಮ ದೇವರಾಜ ಮಾರ್ಕೆಟ್ಟಿನ ವಾಸನೆ. ಹಣ್ಣು, ಸೊಪ್ಪು, ಒದ್ದೆ ನೆಲ, ಹೂವು. ಆಲೂಗಡ್ಡೆಯ ಗುಡ್ಡಗಳು. ಕೆಂಪು, ಕಪ್ಪು, ನೇರಳೆ, ಬೆರಳಿನಂಥವು, ಶುಂಠಿಯಂಥವು. ಪೆರುವಿನಲ್ಲಿ ಮೂರು ಸಾವಿರಕ್ಕೂ ಜಾಸ್ತಿ ತಳಿ ಇದೆಯಂತೆ. ರಾತ್ರಿ ಚಳಿಗೆ ಹೆಪ್ಪುಗಟ್ಟಿಸಿ, ತುಳಿದು, ಹಗಲು ಬಿಸಿಲಿಗೆ ಒಣಗಿಸಿದ ಆಲೂಗಡ್ಡೆಯೂ ಇತ್ತು, ಚುನ್ಯೋ ಅಂತ. ವರ್ಷಗಟ್ಟಲೆ ಕೆಡೋದಿಲ್ಲ. ನೋಡೋಕೆ ಬೆಣಚುಕಲ್ಲು, ಲೆಕ್ಕದಲ್ಲಿ ಸಂಡಿಗೆಯ ಜಾತಿ. ನಮ್ಮ ಮಸಾಲೆದೋಸೆಯ ಪಲ್ಯಕ್ಕೆ ತವರುಮನೆ ಇದೇ ಬೆಟ್ಟ. ಒಳಗೆ ಸವರುವ ಕೆಂಪು ಚಟ್ನಿಯ ಮೆಣಸಿನಕಾಯಿಯೂ ಈ ಖಂಡದ ಕಡೆಯಿಂದಲೇ ಬಂದದ್ದು.

ಕಾಫಿ ಸಾಲಿನಲ್ಲಿ ಕೂತೆ. ಒಂದು ಪುಟ್ಟ ಜಗ್ಗಿನಲ್ಲಿ ಕಪ್ಪಗೆ, ಗಟ್ಟಿಗೆ ಇಳಿಸಿದ ಕಾಫಿ ತಂದಿಟ್ಟಳು. ಎಷ್ಟು ಬೇಕೋ ಅಷ್ಟು ಹಾಕಿಕೊಂಡು ಬಿಸಿ ಹಾಲು ಬೆರೆಸಿಕೊಳ್ಳೋದು. ಡಿಕಾಕ್ಷನ್ ಕಣ್ರೀ! ಅರ್ಧ ಭೂಮಿ ಸುತ್ತಿ ಬಂದು ಡಿಕಾಕ್ಷನ್ ಕಂಡು ನನಗೆ ಗಂಟಲು ಕಟ್ಟಿತು. ಜೊತೆಗೆ ಬೆಣ್ಣೆಹಣ್ಣು ಸವರಿದ ಬನ್ನು.

ಆಮೇಲೆ ಜ್ಯೂಸ್ ಸಾಲು. ಎತ್ತರದ ಕಟ್ಟೆಯ ಮೇಲೆ ಬಿಳಿ ಏಪ್ರನ್ ಹಾಕಿದ ಹೆಂಗಸರು, "ಕಸೇರಾ, ಕಸೇರಿತಾ" ಅಂತ ಕರೆಯುತ್ತಾರೆ. ವರ್ತನೆಯವರು ಅಂತೀವಲ್ಲ, ಅದು. ನಾವು ಅವರಿಗೆ ಕಸೇರಾ, ಅವರು ನಮಗೆ ಕಸೇರಾ. ದೊಡ್ಡ ಲೋಟ ಪಪ್ಪಾಯ ಕುಡಿದು ಕೆಳಗಿಟ್ಟೆ. ಅವಳು ಮಿಕ್ಸಿ ಜಾರಿನಲ್ಲಿ ಉಳಿದದ್ದನ್ನೆಲ್ಲ ಅದಕ್ಕೇ ಸುರಿದಳು. ಬೇಡ ಬೇಡ ಅಂತ ಪರ್ಸ್ ಮುಚ್ಚಿದೆ. ನಕ್ಕು, "ಯಾಪಾ" ಅಂದಳು. ಪಕ್ಕದ ಹುಡುಗ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಆ ಬೆಟ್ಟದ ಸೀಮೆಯವರ ಕೆಚುವಾ ಭಾಷೆಯ ಪದ, ಕೊಂಡಿದ್ದರ ಮೇಲೆ ಒಂಚೂರು ಜಾಸ್ತಿ ಹಾಕೋದು, ದುಡ್ಡಿಲ್ಲ.

ಕೊಸರು!

ನಮ್ಮಮ್ಮ ದೇವರಾಜ ಮಾರ್ಕೆಟ್ಟಿನಲ್ಲಿ ತಕ್ಕಡಿ ನೋಡುತ್ತಿರಲಿಲ್ಲ. "ಕೊಸರು ಹಾಕಪ್ಪ" ಅಂತ ಸೆರಗು ಒಡ್ಡಿ ನಿಲ್ಲುತ್ತಿದ್ದಳು. ಹುರುಳಿಕಾಯಿ ಕೊಂಡರೆ ಮೇಲೆ ಒಂದು ಹಿಡಿ, ಮಲ್ಲಿಗೆ ಕೊಂಡರೆ ಮೊಳದ ಮೇಲೆ ನಾಲ್ಕು ಬೆರಳು. ಹಾಕದವನ ಅಂಗಡಿಗೆ ಮತ್ತೆ ಹೋಗುತ್ತಿರಲಿಲ್ಲ. ನನಗೆ ಆಗೆಲ್ಲ ನಾಚಿಕೆಯಾಗಿ ದೂರ ನಿಲ್ಲುತ್ತಿದ್ದೆ. ಈಗ ತರಕಾರಿ ಫೋನಿನಲ್ಲಿ ಬರುತ್ತೆ. ಕಾಲು ಕಿಲೋ ಅಂದರೆ ಕಾಲು ಕಿಲೋ. ಕೊಸರು ಅನ್ನೋ ಪದ ಬಾಯಿಗೆ ಬಂದು ಎಷ್ಟು ವರ್ಷವಾಗಿತ್ತೋ. ಎರಡನೇ ಅರ್ಧ ಲೋಟ ಕುಡಿಯೋಕೆ ಸ್ವಲ್ಪ ಹೊತ್ತು ಬೇಕಾಯಿತು.

ಅಷ್ಟರಲ್ಲಿ ಇವರು ಹುಡುಕಿಕೊಂಡು ಬಂದರು. ಬಂದವರೇ ಫೋನ್ ತೆಗೆದರು. ಒಳಗೆ ಸಿಗ್ನಲ್ ಇಲ್ಲ. ನನಗೆ ಅಂಥ ಸಂತೋಷ ಮಗನ ಮದುವೆಯಲ್ಲೂ ಆಗಿರಲಿಲ್ಲ. ಎಳೆದುಕೊಂಡು ಹೋಗಿ ಅಡುಗೆ ಸಾಲಿನ ಒಂದು ಬೆಂಚಿನ ಮೇಲೆ ಕೂರಿಸಿದೆ. ಅನ್ನ, ಮೊಟ್ಟೆ, ಆಲೂಗಡ್ಡೆ. ಮೊಟ್ಟೆ ತಿನ್ನುವಷ್ಟು ನಾವು ಸುಧಾರಿಸಿದ್ದೇವೆ. ಪಕ್ಕದಲ್ಲಿ ಹಸಿರು ಚಟ್ನಿಯ ಬಟ್ಟಲು, ಹೆಸರು ಉಚುಕುತಾ. ಉಚು ಅಂದರೆ ಮೆಣಸಿನಕಾಯಿ, ಕುತಾ ಅಂದರೆ ಅರೆದದ್ದು. ಕಲ್ಲಿನ ಮೇಲೆ ಅರೆಯುತ್ತಾರೆ. ನಮ್ಮ 'ಕುಟ್ಟು' ಅಲ್ಲಿಗೆ ಹೇಗೆ ಹೋಯಿತೋ! ಕಾಕತಾಳೀಯವೇ ಇರಬೇಕು, ಆದರೂ ಕೇಳೋಕೆ ಖುಷಿ.

ಚಟ್ನಿಯ ಪಕ್ಕ ತಟ್ಟೆಯಲ್ಲಿ ಕೆಂಪಗೆ, ದಪ್ಪಗೆ, ದುಂಡಗೆ ಹೆಚ್ಚಿದ ಬಿಲ್ಲೆಗಳು. "ಟೊಮೆಟೊ" ಅಂದರು ಇವರು. ಬೀಜ ಕಪ್ಪಗಿದ್ದದ್ದು ನಾನು ನೋಡಿದೆ. ಹೇಳಬೇಕಿತ್ತು. ಹೇಳಲಿಲ್ಲ. ಸಾನ್ ಬ್ಲಾಸ್ ಮೆಟ್ಟಿಲು ನೆನಪಾಗಿರಬೇಕು.

ಅಡುಗೆಯ ಹೆಂಗಸು, "ಪಿಕಾ, ಪಿಕಾ!" ಅಂತ ಕೂಗಿದಳು. ಖಾರ, ಖಾರ ಅಂತ. ಇವರು ಅದು ಟೊಮೆಟೊ ಜಾತಿಯ ಹೆಸರು ಅಂದುಕೊಂಡು, "ಪಿಕಾ, ವೆರಿ ಗುಡ್" ಅಂತ ತಲೆಯಾಡಿಸಿ ಎರಡು ಬಿಲ್ಲೆ ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಅದು ರೊಕೋಟೊ. ಮೆಣಸಿನಕಾಯಿ.

ಇವರು ಹಾವೇರಿ ಕಡೆಯವರು. "ನಾವು ಬ್ಯಾಡಗಿ ಮಂದಿ, ಖಾರ ನಮಗೆ ಏನು ಮಾಡುತ್ತೆ" ಅಂತ ಮೂವತ್ತು ವರ್ಷದಿಂದ ನನ್ನ ತವರಿನವರ ಮುಂದೆ ಮೀಸೆ ತಿರುವಿದ್ದಾರೆ. ಬ್ಯಾಡಗಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಅಂತ ನಾನೂ ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ. ಮೊದಲು ಕಿವಿ ಕೆಂಪಾಯಿತು. ಆಮೇಲೆ ಬೋಳುತಲೆಯ ಮೇಲೆ ಹನಿ ಹನಿ ಬೆವರು. ಮೈಸೂರಿಗೆ ಬಂದ ಮೇಲೆ ಒಂದು ದಿನವೂ ಹೊರಗೆ ಬಿದ್ದಿರದ ಊರಿನ ಮಾತು, "ಯವ್ವಾ!" ಅಂತ ಇಡೀ ಮಾರ್ಕೆಟ್ಟಿಗೆ ಕೇಳಿಸಿತು. ಸಾಲಿನ ಹೆಂಗಸರೆಲ್ಲ ಓಡಿ ಬಂದರು. ಒಬ್ಬಳು ಚೀಸ್ ತುಂಡು ಬಾಯಿಗಿಟ್ಟಳು, ಒಬ್ಬಳು ಬೀಸಿದಳು. ಜ್ಯೂಸಿನವಳು ಲೋಟ ತಂದಳು. ಅದು ಮುಗಿದ ಕೂಡಲೇ ಯಾಪಾ. ಅದೂ ಮುಗಿದ ಮೇಲೆ ಇನ್ನೊಂದು ಯಾಪಾ. ಕಣ್ಣೀರಿನಲ್ಲಿ ಫೋನ್ ಕಾಣದೆ ಇವರು ಒಂದು ಗಂಟೆ ಸುಮ್ಮನೆ ಕೂತು ತಟ್ಟೆ ಖಾಲಿ ಮಾಡಿದರು.

ಉಳಿದ ದಿನಗಳೆಲ್ಲ ಅದೇ ಬೆಂಚು. ಇವರೇ ಮುಂದೆ ಮುಂದೆ ನಡೆಯುತ್ತಿದ್ದರು. ಕೊನೆಯ ದಿನ ನಾವು ಕೂರುವ ಮೊದಲೇ ಅವಳು ಬಾಣಲೆಗೆ ಮೊಟ್ಟೆ ಒಡೆದಿದ್ದಳು. ಕೆಂಪು ಬಿಲ್ಲೆಯ ತಟ್ಟೆಯನ್ನು ಎತ್ತಿ ಆಚೆಗಿಟ್ಟಿದ್ದಳು.

"ಅದನ್ನ ಯಾಕ್ರೀ ಪಟ್ಟಿಗೆ ಹಾಕಿಲ್ಲ?" ಅಂತ ಇವತ್ತು ಬೆಳಿಗ್ಗೆ ಕೇಳಿದೆ. "ಅದಕ್ಕೆ ಹೆಸರೇ ಇಲ್ವಲ್ಲೇ. ಸ್ಟಾರೂ ಇಲ್ಲ. ಏನಂತ ಹಾಕ್ಲಿ?" ಅಂದರು. ದಾಖಲೆ ಸಾಲದು.

ಈಗ ಸ್ವಲ್ಪ ಹೊತ್ತಿಗೆ ಮುಂಚೆ ಮೇಷ್ಟ್ರ ಮಗಳು ಫೋನ್ ಮಾಡಿದ್ದಳು. "ಆಂಟಿ, ಅಂಕಲ್ ಪಟ್ಟಿ ತುಂಬಾ ಚೆನ್ನಾಗಿದೆ. ಆದ್ರೆ ನೀವು ನಿಜವಾಗ್ಲೂ ಎಲ್ಲಿ ಊಟ ಮಾಡ್ತಿದ್ರಿ?" ಜಾಣೆ. ದನಿ ತಗ್ಗಿಸಿ ಹೇಳಲು ಶುರು ಮಾಡಿದೆ. ಸಾನ್ ಪೆದ್ರೋ, ಕಾಫಿ ಸಾಲು ದಾಟಿ ಎಡಕ್ಕೆ, ಬಿಳಿ ಏಪ್ರನ್ ಹಾಕಿಕೊಂಡ ದಪ್ಪನೆ ಹೆಂಗಸು, ಎರಡನೇ ಬೆಂಚು.

ಒಳಗಿನ ಕೋಣೆಯಿಂದ ಇವರ ದನಿ ಬಂತು. "ಟೊಮೆಟೊ ಮುಟ್ಟಬೇಡಿ ಅಂತ ಹೇಳೇ!"